ಏಳನೇ ಗೂಡಿನ ಗುಂಡಿ

ಒಂಬತ್ತನೆಯ ಕಂತು

"ಇನ್ನೊಂದ್ಸಲ ಹೇಳು," ಎಂದೆ.

"ಮೂರು ಸಲ ಹೇಳಾಯ್ತಲ್ಲ ಸಾರ್."

"ನಾಲ್ಕನೇ ಸಲ ಹೇಳಿದ್ರೆ ನಿನ್ನ ಗಡ್ಡವೇನೂ ಉದುರಿ ಹೋಗಲ್ಲ. ಹೇಳು."

ಅವನು ಗೋಡೆಯ ಗಡಿಯಾರ ನೋಡಿದ. ನಾನೂ ನೋಡಿದೆ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಐದಕ್ಕೆ ಸರಿಯಾಗಿ ಈ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ವಿಚಾರಣಾಧಿಕಾರಿ ಮೇಡಂ ವರದಿಗೆ ಸಹಿ ಹಾಕುತ್ತಾರೆ. ಸಹಿ ಬಿದ್ದ ಕೂಡಲೇ ನಲವತ್ತೊಂದು ಮನೆಗಳಿಗೆ ಪತ್ರ ಹೊರಡುತ್ತದೆ. ಯಂತ್ರದಲ್ಲಿ ತುಂಬಿಟ್ಟಿದ್ದ ನಿಮ್ಮವರ ಧ್ವನಿ ಅಳಿಸಿಹೋಗಿದೆ, ಅಳಿಸಿದವರು ಇಂಥವರು. ಆ ಇಂಥವರು ಎನ್ನುವ ಜಾಗದಲ್ಲಿ ನನ್ನ ಭಾವನ, ಅಕ್ಕನ ಗಂಡನ, ಹೆಸರಿದೆ. ಭಾವ ತೀರಿಕೊಂಡು ಇವತ್ತಿಗೆ ಹದಿನಾಲ್ಕು ದಿನ.

ಕಳೆದ ವಾರ ಸಿಕ್ಕ ಕಣ್ಣಿನ ವಿಭಾಗದ ಚೀಟಿ ಒಂದು ಮಾತನ್ನು ಖಚಿತ ಮಾಡಿತ್ತು. ಧ್ವನಿಗಳು ಹೋದ ಆ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂವರೆಯವರೆಗೆ ಭಾವ ಈ ಕೋಣೆಯಲ್ಲಿ ಇರಲೇ ಇಲ್ಲ. ಎದುರು ಕಟ್ಟಡದಲ್ಲಿ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಕೂತಿದ್ದರು. ಆದರೂ ಮಧ್ಯಾಹ್ನ "ತಪ್ಪು ನನ್ನದೇ, ಬೇರೆ ಯಾರ ಕೈವಾಡವೂ ಇಲ್ಲ" ಎಂದು ಸ್ವಹಸ್ತದಿಂದ ಬರೆದುಕೊಟ್ಟರು. ಒಂಬತ್ತು ದಿನ ಅವಮಾನ ನುಂಗಿದರು. ಹತ್ತನೇ ದಿನ ಇದೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಮಾಡದ ತಪ್ಪನ್ನು ಒಬ್ಬ ಯಾಕೆ ಒಪ್ಪಿಕೊಳ್ಳುತ್ತಾನೆ? ಮೂವತ್ತೊಂದು ವರ್ಷ ಪೊಲೀಸಿನ ಬೆರಳಚ್ಚು ವಿಭಾಗದಲ್ಲಿ ಭೂತಗನ್ನಡಿ ಹಿಡಿದು ಕಣ್ಣು ಸವೆಸಿದವನು ನಾನು. ಮಾಡಿದ್ದನ್ನೇ ಒಪ್ಪದವರನ್ನು ಕಂಡು ಅಭ್ಯಾಸ. ಇಂಥ ಕೇಸು ನೋಡಿರಲಿಲ್ಲ.

ನನ್ನೆದುರು ಕೂತಿದ್ದ ಈ ಗಡ್ಡ ಭಾವನ ಕೈಕೆಳಗಿನ ಇಂಜಿನಿಯರ್. ಈ ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಇದ್ದವರೇ ಇಬ್ಬರು. ಭಾವನನ್ನು ಇಡೀ ಆಸ್ಪತ್ರೆ ಮೇಷ್ಟ್ರು ಎನ್ನುತ್ತಿತ್ತು, ಯಾಕೆಂದರೆ ಅವರು ಲಿಫ್ಟಿನಲ್ಲಿ ಸಿಕ್ಕವರಿಗೂ ಪಾಠ ಹೇಳುವ ಪೈಕಿ. ಇವನಿಗೆ ಗಡ್ಡಪ್ಪ ಎಂದು ಹೆಸರಿಟ್ಟವರೂ ಅವರೇ.

"ಬ್ಲೇಡ್ ಸರ್ವರ್ ಅಂದ್ರೆ ಇವು ಸಾರ್," ಎಂದ ಗಡ್ಡ. ಫ್ಯಾನುಗಳ ಗದ್ದಲದಲ್ಲಿ ಅವನ ಮಾತು ಕೇಳಬೇಕಾದರೆ ಕಿವಿಯನ್ನು ಗಡ್ಡಕ್ಕೆ ತಾಗಿಸಬೇಕಿತ್ತು. ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದರಲ್ಲಿ ಹದಿನಾರು ಗೂಡು. ಪ್ರತಿ ಗೂಡಿನಲ್ಲೂ ಕಪಾಟಿನಲ್ಲಿ ನಿಲ್ಲಿಸಿದ ರಿಜಿಸ್ಟರಿನ ಹಾಗೆ ಒಂದೊಂದು ತೆಳು ಯಂತ್ರ. ಪ್ರತಿಯೊಂದರ ಹಿಡಿಯ ಹತ್ತಿರ ಒಂದು ಹಸಿರು ದೀಪ, ಅದರ ಕೆಳಗೆ ಒಂದು ಗುಂಡಿ.

"ಇವಕ್ಕೆಲ್ಲ ಹೈಪರ್‌ವೈಸರ್ ಹಾಕ್ತಾ ಇದ್ವಿ. ಹೈಪರ್‌ವೈಸರ್ ಅಂದ್ರೆ ಮನೆ ಮಾಲೀಕ ಇದ್ದ ಹಾಗೆ. ಯಂತ್ರ ಒಂದೇ, ಒಳಗೆ ಹತ್ತು ಬಾಡಿಗೆದಾರರು. ಯಾರಿಗೆ ಎಷ್ಟು ಜಾಗ ಅಂತ ಅವನೇ ಹಂಚ್ತಾನೆ."

"ಅವನು ಬರೋಕೆ ಮುಂಚೆ ಆ ಮನೇಲಿ ಇದ್ದೋರು?"

ಗಡ್ಡ ತಲೆ ತಗ್ಗಿಸಿದ. "ಇರಲ್ಲ ಸಾರ್. ಮೊದಲು ಒಳಗಿನ ಹಾರ್ಡ್ ಡಿಸ್ಕು ಪೂರ್ತಿ ಒರೆಸಿ ಆಮೇಲೇ ಅವನು ಕಾಲಿಡೋದು."

ಹಿಂದೆಲ್ಲ ಭಾವ ಕೈಯಲ್ಲಿ ಸಿ.ಡಿ. ಹಿಡಿದು ಒಂದೊಂದು ಯಂತ್ರದ ಮುಂದೂ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರಂತೆ. ಒಂದಕ್ಕೆ ಮುಕ್ಕಾಲು ಗಂಟೆ. ಹದಿನಾರು ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಅದಕ್ಕೇ ಅವರೊಂದು ಸ್ಕ್ರಿಪ್ಟು ಬರೆದರು. ಕುರ್ಚಿಯಲ್ಲಿ ಕೂತು ಒಂದು ಸಾಲು ಟೈಪ್ ಮಾಡಿದರೆ ಸಾಕು, ಎಲ್ಲ ತಾನೇ ನಡೆಯುತ್ತದೆ.

"ತೋರಿಸು," ಎಂದೆ.

ಹದಿನಾರನೇ ಗೂಡಿನಲ್ಲಿ ಖಾಲಿ ಯಂತ್ರವಿತ್ತು. ಗಡ್ಡ ಒಂದು ಸಾಲು ಟೈಪಿಸಿದ. ಪರದೆಯ ಮೇಲೆ ಅಕ್ಷರಗಳು ಓಡಿದವು.

"ಒಂದು, ಆ ಸಿ.ಡಿ.ಯ ಬದಲಿನ ಡಿಸ್ಕು ತಗಲಿಸೋದು. ಆಯ್ತು."

"ಎಲ್ಲಿಯ ಡಿಸ್ಕು? ನಾವಿಬ್ಬರೂ ಕೂತ ಜಾಗದಿಂದ ಕದಲಿಲ್ಲ."

"ಡಿಸ್ಕೇ ಇಲ್ಲ ಸಾರ್. ಇರೋದು ಬರೀ ಒಂದು ಫೈಲು. ಹೊಟ್ಟೇಲಿ ಡಿಸ್ಕಿದೆ ಅಂತ ಬ್ಲೇಡಿಗೆ ನಂಬಿಸ್ತೀವಿ, ಅದು ನಂಬುತ್ತೆ. ಎರಡು, ಈ ಒಂದು ಸಲ ಎದ್ದ ತಕ್ಷಣ ಆ ಡಿಸ್ಕಿನಿಂದಲೇ ಶುರು ಮಾಡು ಅಂತ ಹೇಳೋದು. ಮೂರು, ಆಫ್ ಮಾಡಿ ಎಬ್ಬಿಸೋದು."

ಹದಿನಾರನೇ ಗೂಡಿನ ದೀಪ ಆರಿತು. ಮತ್ತೆ ಹತ್ತಿತು. ಫ್ಯಾನು ಒಮ್ಮೆ ಬೊಬ್ಬೆ ಹೊಡೆದು ತಣ್ಣಗಾಯಿತು. ಮುಟ್ಟುವವರಿಲ್ಲದೆ ಒಂದು ಯಂತ್ರ ತನ್ನನ್ನು ತಾನೇ ಒರೆಸಿಕೊಳ್ಳುವುದನ್ನು ಮೊದಲ ಸಲ ನೋಡಿದೆ. ಇದೇ ರೀತಿ ತಾನೇ ಹೋಗಿದ್ದು ನಮ್ಮ ಅಕ್ಕನ ದನಿ.

"ನಾಲ್ಕು?"

"ಕೆಲಸ ಮುಗಿದ ಮೇಲೆ ಡಿಸ್ಕು ಕಿತ್ತು, ಎಲ್ಲ ಮೊದಲಿನ ಹಾಗೆ ಮಾಡೋದು. ಇಷ್ಟೇ."

ಇಷ್ಟೇ ಅಂತೆ! ಆ ಇಷ್ಟರಲ್ಲಿ ನಲವತ್ತೊಂದು ಜನರ ದನಿ ಹೋಯಿತು.

ಎರಡನೇ ಮಹಡಿಯಲ್ಲಿ ಧ್ವನಿ ಕೋಣೆ ಇದೆ. ಗಂಟಲು ತೆಗೆಸಿಕೊಳ್ಳಬೇಕಾದವರು ಆಪರೇಷನ್ನಿಗೆ ಮುಂಚೆ ಅಲ್ಲಿ ಬಂದು ಕೂತು ಇನ್ನೂರು ವಾಕ್ಯ ಓದುತ್ತಾರೆ. ಆಮೇಲೆ ಅವರು ಟೈಪ್ ಮಾಡಿದ್ದನ್ನು ಅವರದೇ ದನಿಯಲ್ಲಿ ಯಂತ್ರ ಹೇಳುತ್ತದೆ. ಓದಿಸುವವಳು ಅಕ್ಕನ ಮಗಳು, ನಮ್ಮ ಪುಟ್ಟಿ. ತನ್ನ ತಾಯಿಯನ್ನೂ ಅವಳೇ ಕೂರಿಸಿ ಓದಿಸಿದಳು. ಆ ದನಿಗಳೆಲ್ಲ ಇದ್ದದ್ದು ಏಳನೇ ಗೂಡಿನಲ್ಲಿ. ನಕಲು ಹದಿನೆಂಟು ತಿಂಗಳು ಹಳೆಯದು, ಈ ನಲವತ್ತೊಂದು ದನಿ ಅದರಲ್ಲಿರಲಿಲ್ಲ, ಹೊಸ ನಕಲು ಆ ಶುಕ್ರವಾರದ ಮಾರನೇ ದಿನ ತೆಗೆಯಬೇಕಿತ್ತು. ಅದಕ್ಕೇ ಏಳನೇ ಗೂಡನ್ನು ಮುಟ್ಟಲೇಬಾರದು ಎಂದು ಭಾವ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ಅಕ್ಕ ಆಪರೇಷನ್ ಆಗಿ ನಾಲ್ಕು ತಿಂಗಳು ಬದುಕಿದ್ದಳು. ನಾನು ಹೋದಾಗಲೆಲ್ಲ ಒಂದೇ ಗುಂಡಿ ಒತ್ತುತ್ತಿದ್ದಳು. "ಏನೋ ತಮ್ಮಾ, ಊಟ ಮಾಡ್ದ್ಯಾ?" ಎನ್ನುತ್ತಿತ್ತು ಯಂತ್ರ, ಥೇಟ್ ಅವಳ ಹಾಗೆ, ಬೈಯುವ ಹಾಗೆ. ಅವಳು ಹೋದ ಮೇಲೂ ಪುಟ್ಟಿ ನನಗೆ ಫೋನಿನಲ್ಲಿ ಅದನ್ನೊಮ್ಮೆ ಕೇಳಿಸಿದ್ದಳು. ಈಗ ಅದೂ ಇಲ್ಲ. ಭಾವನ ದಹನ ಮುಗಿದ ದಿನ ಪುಟ್ಟಿಯ ತಲೆ ಮೇಲೆ ಕೈಯಿಟ್ಟು ಹೇಳಿದ್ದೆ, ಇದರ ಹಿಂದಿರೋ ಬೆರಳು ಯಾರದು ಅಂತ ಹುಡುಕಿ ನಿನ್ನ ಮುಂದೆ ನಿಲ್ಲಿಸ್ತೀನಿ ಎಂದು. ಅವಳು ಅಳು ನಿಲ್ಲಿಸಿ, "ಮಾವ, ಅವರ ಮುಖ ನೋಡಬೇಕು ನಾನು," ಎಂದಿದ್ದಳು.

ಜೇಬಿನಿಂದ ಮಡಿಸಿದ ಕಾಗದ ತೆಗೆದು ಗಡ್ಡನ ಕೀಬೋರ್ಡಿನ ಮೇಲೆ ಹರಡಿದೆ.

"ಇದೇನು ಗೊತ್ತಾ?"

ಅವನು ಓದಿದ. ಕೆನ್ನೆಯ ಬಣ್ಣ ಇಳಿಯಿತು.

ಪ್ರತಿ ಬ್ಲೇಡಿನೊಳಗೂ ಒಂದು ಪುಟ್ಟ ಕಾವಲು ಯಂತ್ರವಿರುತ್ತದೆ. ಹಾರ್ಡ್ ಡಿಸ್ಕು ಒರೆಸಿದರೂ ಅದರ ದಿನಚರಿ ಅಳಿಯುವುದಿಲ್ಲ. ಯಂತ್ರಗಳ ರಿಪೇರಿಗೆ ಬರುವ ಹೊರಗಿನ ಇಂಜಿನಿಯರನ್ನು ಕಾಡಿ ಬೇಡಿ ಬೆಳಿಗ್ಗೆಯಷ್ಟೇ ಅದನ್ನು ತೆಗೆಸಿದ್ದೆ. ತಪ್ಪೊಪ್ಪಿಗೆ ಕೈಗೆ ಸಿಕ್ಕ ಮೇಲೆ ದಿನಚರಿ ಓದುವ ಕರ್ಮ ಯಾರಿಗೆ ಬೇಕು? ಯಾರೂ ಓದಿರಲಿಲ್ಲ.

"ಜೋರಾಗಿ ಓದು," ಎಂದೆ.

"ಏಳನೇ ಗೂಡು. ಮಂಗಳವಾರ ಸಂಜೆ ನಾಲ್ಕು ಹನ್ನೆರಡು, ಡಿಸ್ಕು ತಗಲಿಸಲಾಗಿದೆ. ನಾಲ್ಕು ಹದಿಮೂರು, ಡಿಸ್ಕಿನಿಂದ ಏಳುವಂತೆ ಬದಲಾಯಿಸಲಾಗಿದೆ. ಪ್ರತಿ ಸಲ."

"ಪ್ರತಿ ಸಲ. ನಿಮ್ಮ ಮೇಷ್ಟ್ರ ಸ್ಕ್ರಿಪ್ಟಿನಲ್ಲಿ ಏನಿದೆ?"

"ಒಂದು ಸಲ ಅಂತಿದೆ."

"ಮಂಗಳವಾರ ಸಂಜೆ ಮೇಷ್ಟ್ರು ಎಲ್ಲಿದ್ದರು?"

"ರಜೆ ಸಾರ್. ಅಮ್ಮಾವ್ರ ವರ್ಷದ ತಿಥಿ, ನಿಮ್ಮ ಅಕ್ಕಂದು."

"ಹಾಗಾದ್ರೆ ಇಲ್ಲಿ ಯಾರಿದ್ದರು? ನಿಮ್ಮಿಬ್ಬರ ಪೈಕಿ ಒಬ್ಬರು ರಜೆ. ಲೆಕ್ಕ ನಾನು ಮಾಡಲಾ, ನೀನು ಮಾಡ್ತೀಯಾ?"

ಗಡ್ಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೂವತ್ತೈದು ದಾಟಿದ ಗಂಡಸು, ಎರಡು ಮಕ್ಕಳ ತಂದೆ. ಭುಜ ಕುಲುಕುತ್ತಿತ್ತು. ನನಗೆ ಕನಿಕರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಆವತ್ತು ಅದನ್ನು ತೋರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಎಂಟನೇ ಗೂಡಿಂದು ಹಳೇ ಯಂತ್ರ ಸಾರ್," ಎಂದ ಕೊನೆಗೆ. "ಮಹಾ ಹಟಮಾರಿ. 'ಒಂದು ಸಲ' ಅಂತ ಹೇಳಿದ್ರೆ ಏಳೋ ಹೊತ್ತಿಗೆ ಮರೆತೇಬಿಡುತ್ತೆ. ನಾಲ್ಕು ಸಲ ಮಾಡಿದೆ, ನಾಲ್ಕು ಸಲಾನೂ ಮರೀತು. ಸಿಟ್ಟು ಬಂತು. ಸ್ಕ್ರಿಪ್ಟಲ್ಲಿ 'ಪ್ರತಿ ಸಲ' ಅಂತ ತಿದ್ದಿ ಹೊಡೆದೆ. ಹೊಡೆದ ಮೇಲೆ ನೋಡ್ತೀನಿ, ಎಂಟರ ಬದಲು ಏಳು ಒತ್ತಿದ್ದೆ."

"ಆಮೇಲೆ?"

"ಎದೆ ಒಡೆದೇ ಹೋಯ್ತು ಸಾರ್. ತಕ್ಷಣ ಅರ್ಧದಲ್ಲೇ ನಿಲ್ಲಿಸಿದೆ. ಆಫ್ ಮಾಡಿ ಎಬ್ಬಿಸೋ ಮೂರನೇ ಹೆಜ್ಜೆ ಇನ್ನೂ ಬಂದಿರಲಿಲ್ಲ. ಧ್ವನಿ ಕೋಣೆಗೆ ಫೋನ್ ಮಾಡಿ ಕೇಳಿದೆ, ಎಲ್ಲ ಸರಿ ಇದೆ ಅಂದ್ರು. ದೇವರು ದೊಡ್ಡೋನು ಅಂದ್ಕೊಂಡು ಎಂಟಕ್ಕೆ ಹೊಡೆದು ಮನೇಗೆ ಹೋದೆ."

ನಿಲ್ಲಿಸಿದ್ದನಂತೆ. ಆದರೆ ಮೊದಲ ಎರಡು ಹೆಜ್ಜೆ ಆಗಿಹೋಗಿದ್ದವು. ಅವನ್ನು ಬಿಚ್ಚುವುದು ನಾಲ್ಕನೇ ಹೆಜ್ಜೆ, ಅದು ನಡೆಯಲೇ ಇಲ್ಲ. ಇಲ್ಲದ ಡಿಸ್ಕು ಏಳನೇ ಗೂಡಿನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಮಂಗಳವಾರ, ಬುಧವಾರ, ಗುರುವಾರ. ಯಾರಾದರೂ ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸಾಕಿತ್ತು, ಎಲ್ಲ ಒರೆಸಿಹೋಗುತ್ತಿತ್ತು.

"ಮುಂದಿನ ಸಾಲು ಓದು."

"ಶುಕ್ರವಾರ ಒಂಬತ್ತು ಐವತ್ತೆರಡು. ಮುಂಭಾಗದ ಗುಂಡಿ ಒತ್ತಲಾಗಿದೆ." ಅವನು ತಲೆಯೆತ್ತಿದ. "ಇದು ನಾನಲ್ಲ ಸಾರ್! ನನ್ನ ಮಕ್ಕಳಾಣೆ. ಅವತ್ತು ಒಂಬತ್ತೂವರೆಯಿಂದ ಹನ್ನೊಂದರವರೆಗೆ ಮೇಲೆ ಮೀಟಿಂಗಲ್ಲಿದ್ದೆ. ಹನ್ನೆರಡು ಜನ ನೋಡಿದ್ದಾರೆ. ಒಂಬತ್ತು ನಲವತ್ತೈದಕ್ಕೆ ಧ್ವನಿ ಕೋಣೆಯಿಂದ ಫೋನ್ ಬಂತು, ಅದನ್ನೂ ತೆಗೀಲಿಲ್ಲ."

ಅದು ನನಗೂ ಗೊತ್ತಿತ್ತು. ಮೀಟಿಂಗಿನ ಹಾಜರಿ ಪುಸ್ತಕ ನೋಡಿದ್ದೆ. ಬಾಗಿಲಿನ ದಾಖಲೆಯನ್ನೂ ನೋಡಿದ್ದೆ. ಒಂಬತ್ತು ನಲವತ್ತೇಳಕ್ಕೆ ಈ ಬಾಗಿಲು ತೆರೆದದ್ದು ಮೇಷ್ಟ್ರ ಕಾರ್ಡಿನಿಂದ. ಮೇಷ್ಟ್ರು ಎದುರು ಕಟ್ಟಡದಲ್ಲಿ, ಕಾರ್ಡು ಮಾತ್ರ ಇಲ್ಲಿ.

ಉಳಿದ ಸಾಲುಗಳನ್ನು ನಾನೇ ಓದಿಕೊಂಡೆ. ಒಂಬತ್ತು ಐವತ್ತಾರು, ಡಿಸ್ಕಿನಿಂದ ಎದ್ದಿದೆ. ಹತ್ತು ಹದಿನಾಲ್ಕು, ಮತ್ತೆ ಡಿಸ್ಕಿನಿಂದ ಎದ್ದಿದೆ. ಹತ್ತು ಮೂವತ್ತೆರಡು, ಮತ್ತೆ. ಪ್ರತಿ ಸಲ ಎಂದು ಹೇಳಿದ್ದರಲ್ಲ, ಒರೆಸಿದ್ದನ್ನೇ ಒರೆಸುತ್ತ ಕೂತಿತ್ತು ಮುಂಡೇದು. ಹತ್ತು ನಲವತ್ತಾರು, ಡಿಸ್ಕು ಕೀಳಲಾಗಿದೆ. ಅದು ಭಾವ. ಔಷಧಿಗೆ ಮಂಜಾದ ಕಣ್ಣಿನಲ್ಲೇ ಬಂದು, ತಡಕಾಡಿ, ಕಿತ್ತಿದ್ದಾರೆ.

"ಇಷ್ಟು ಗೊತ್ತಿದ್ದೂ ಇಪ್ಪತ್ನಾಲ್ಕು ದಿನ ಬಾಯಿ ಮುಚ್ಕೊಂಡು ಕೂತಿದ್ಯಲ್ಲೋ," ಎಂದೆ. "ಆ ಮನುಷ್ಯ ಕ್ಯಾಂಟೀನಿಗೆ ಬಂದರೆ ಜನ ಎದ್ದು ಹೋಗ್ತಿದ್ರಂತೆ. ನೀನು ಅಲ್ಲೇ ಕೂತು ತಿಂತಿದ್ದೆ."

"ಹೇಳೋಕೆ ಹೋಗಿದ್ದೆ ಸಾರ್!" ಅವನು ಎದ್ದು ನಿಂತ. "ಅವತ್ತೇ ಮಧ್ಯಾಹ್ನ ಮೇಷ್ಟ್ರ ಕಾಲು ಹಿಡ್ಕೊಂಡೆ. ಮಂಗಳವಾರ ನಾನೇ ಎಡವಟ್ಟು ಮಾಡಿದ್ದು, ಮೇಡಂಗೆ ಹೇಳ್ತೀನಿ ಅಂದೆ. ಅವರು ನನ್ನ ಭುಜ ಹಿಡಿದು ಕೂರಿಸಿದ್ರು. ಸುಮ್ಮನಿರು ಗಡ್ಡಪ್ಪ, ನೀನು ಬಾಯಿ ಬಿಟ್ರೆ ಅವರು ಮುಂದಿನ ಪ್ರಶ್ನೆ ಕೇಳ್ತಾರೆ ಅಂದ್ರು."

"ಯಾವ ಮುಂದಿನ ಪ್ರಶ್ನೆ?"

"ಅದು ಹೇಳ್ಲಿಲ್ಲ. ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡ್ರು ಅಷ್ಟೇ. ಮೇಷ್ಟ್ರು ಅಳೋದನ್ನ ನಾನು ನೋಡಿದ್ದು ಅದೊಂದೇ ಸಲ. ಅಮ್ಮಾವ್ರು ಹೋದಾಗಲೂ ನಮ್ಮೆದುರು ಅತ್ತಿರಲಿಲ್ಲ."

ನಾನು ಎದ್ದು ಏಳನೇ ಗೂಡಿನ ಮುಂದೆ ಬಗ್ಗಿದೆ. ಅಕ್ಕ ಹೆಣೆದುಕೊಟ್ಟ ಸ್ವೆಟರ್ ಹಾಕಿದ್ದರೂ ಆ ಚಳಿಗೆ ಮೊಣಕಾಲು ಕಟಕಟ ಎಂದಿತು. ಪ್ರತಿ ಬ್ಲೇಡಿನ ಹಿಡಿಯ ಮೇಲೂ ಒಂದು ಬಿಳಿ ಕಾಗದದ ಟೇಪು. ಅದರ ಮೇಲೆ ಮಾರ್ಕರಿನಲ್ಲಿ ಬರೆದ ಹೊತ್ತು.

"ಇದು ಮೇಷ್ಟ್ರ ಕಾನೂನು," ಎಂದ ಗಡ್ಡ ಮೂಗು ಒರೆಸಿಕೊಳ್ಳುತ್ತ. "ಮುಟ್ಟಿದ್ರೆ ಟೇಪು. ಕಾರಣ ಆಮೇಲೆ ಹೇಳು, ಹೆಸರೂ ಬೇಡ, ಮುಟ್ಟಿದ ಹೊತ್ತು ಬರೆದು ಅಂಟಿಸು ಅಂತಿದ್ರು. ಮರೆತ್ರೆ ಅವತ್ತಿಡೀ ಪಾಠ."

ಹದಿನೈದು ಗೂಡಿಗೆ ಟೇಪು ಇತ್ತು. ಏಳನೆಯದಕ್ಕೆ ಇರಲಿಲ್ಲ. ಹಿಡಿಯ ಮೇಲೆ ಕಿತ್ತ ಟೇಪಿನ ಅಂಟು ಉಳಿದು ಅದರ ಮೇಲೆ ದೂಳು ಕೂತಿತ್ತು.

"ಇಲ್ಲಿದ್ದದ್ದು ಏನಾಯ್ತು?"

"ಮೇಷ್ಟ್ರೇ ಕಿತ್ರು. ಮೀಟಿಂಗ್ ಮುಗಿಸಿ ನಾನು ಬಾಗಿಲು ತೆಗೆದಾಗ ಕೀಳ್ತಾ ಇದ್ರು. ಕಣ್ಣಿಗೆ ಔಷಧಿ ಬಿಟ್ಟಿದ್ರಲ್ಲ, ಕಾಣ್ತಿರಲಿಲ್ಲ, ಮೂಗಿಗೆ ತಾಗಿಸಿಕೊಂಡು ನೋಡಿದ್ರು. ಆಮೇಲೆ ಬಹಳ ಹೊತ್ತು ಗೋಡೆ ಹಿಡ್ಕೊಂಡು ನಿಂತಿದ್ರು. ನಾನು ಏನು ಸಾರ್ ಅಂದೆ. ಕನ್ನಡಕದ ಡಬ್ಬಿ ತೆಗೆದು ಅದರಲ್ಲಿ ಏನೋ ಇಟ್ಕೊಂಡ್ರು."

ಕನ್ನಡಕದ ಡಬ್ಬಿ! ಅಯ್ಯೋ ನನ್ನ ಹಣೆಬರಹವೇ. ಆ ಡಬ್ಬಿ ಹನ್ನೆರಡು ದಿನದಿಂದ ನನ್ನ ಚೀಲದಲ್ಲೇ ಇತ್ತು. ಅಪ್ಪನ ವಸ್ತುಗಳು ಎಂದು ಪುಟ್ಟಿ ಕೊಟ್ಟ ಗಂಟಿನಲ್ಲಿ ಪೆನ್ನು, ಬಸ್ ಪಾಸು, ಕರವಸ್ತ್ರದ ಜೊತೆ ಅದೂ ಬಂದಿತ್ತು. ಒಳಗೆ ಕನ್ನಡಕವಿದೆ ಎಂದು ನೋಡಿ ಮುಚ್ಚಿಟ್ಟಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ತಜ್ಞ ನಾನು.

"ಮಂಗಳವಾರದ್ದನ್ನು ಈಗಲೇ ಬರೆದುಕೊಡು," ಎಂದೆ ಗಡ್ಡನಿಗೆ.

ಅವನು ಒಂದು ಪುಟ ಬರೆದು, ಸಹಿ ಹಾಕಿ, ಎರಡೂ ಕೈಯಲ್ಲಿ ಕೊಟ್ಟ. "ಮೇಷ್ಟ್ರ ಹೆಸರು ಉಳಿದ್ರೆ ಸಾಕು ಸಾರ್. ನನ್ನ ಕೆಲಸ ಹೋದ್ರೆ ಹೋಗ್ಲಿ," ಎಂದ. ಇಪ್ಪತ್ನಾಲ್ಕು ದಿನದಲ್ಲಿ ಅವನು ಮೊದಲ ಸಲ ನೆಟ್ಟಗೆ ನಿಂತಂತೆ ಕಂಡಿತು. ಬೆನ್ನು ತಟ್ಟಿ ಹೊರಗೆ ಬಂದೆ.

ಮೂರನೇ ಮಹಡಿಯಲ್ಲಿ ಮೇಡಂ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ಅಲ್ಲಿ ಕೂತಾಗ ನಾಲ್ಕು ಮೂವತ್ತೈದು. ಬಾಗಿಲ ಸಂದಿಯಿಂದ ಲಕೋಟೆಗಳ ಕಟ್ಟು ಕಾಣುತ್ತಿತ್ತು. ನಲವತ್ತೊಂದು ಲಕೋಟೆ. ಅದರಲ್ಲಿ ಒಂದು ನನ್ನ ಅಕ್ಕನ ಮನೆಗೇ ಹೋಗಬೇಕಾದದ್ದು.

ಡಬ್ಬಿ ತೆರೆದೆ. ಕನ್ನಡಕ ಎತ್ತಿದೆ. ಕೆಳಗೆ ಒರೆಸುವ ಮೆತ್ತನೆಯ ಬಟ್ಟೆ. ಅದನ್ನೂ ಎತ್ತಿದೆ.

ಡಬ್ಬಿಯ ತಳಕ್ಕೆ ಅಂಟಿಸಿದ ಬಿಳಿ ಟೇಪು. ಒಂದು ಸುಕ್ಕೂ ಬೀಳದಂತೆ ಜೋಪಾನವಾಗಿ ಅಂಟಿಸಿದ್ದರು. ಮೇಲೆ ಕಪ್ಪು ಮಾರ್ಕರಿನಲ್ಲಿ 9:52. ಹೊತ್ತಿನ ಪಕ್ಕದಲ್ಲಿ ಮಾರ್ಕರಿನ ಶಾಯಿ ಮೆತ್ತಿದ ಒಂದು ಹೆಬ್ಬೆರಳಿನ ಗುರುತು. ಅವಸರದಲ್ಲಿ ಬರೆದು, ಶಾಯಿ ಆರುವ ಮೊದಲೇ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ್ದಾರೆ.

ನಗು ಬಂತು ನನಗೆ, ನಿಜವಾಗಿ. ಬೆರಳು ಹುಡುಕಲು ಹೊರಟವನಿಗೆ ಬೆರಳೇ ಸಿಕ್ಕಿತ್ತು. ಭೂತಗನ್ನಡಿ ತೆಗೆದೆ. ಸಿಕ್ಕಿಬಿದ್ದೆ ಮಗನೇ ಎಂದುಕೊಂಡು ಬಗ್ಗಿದೆ.

ಎಡಕ್ಕೆ ತಿರುಗಿದ ಸುಳಿ. ಸುಳಿಯ ನಡುವೆ ಓರೆಯಾಗಿ ಹಾದುಹೋದ ಬಿಳಿ ಗೆರೆ. ಗೆರೆಯ ಎರಡು ಬದಿಗೂ ಮೂರು ಮೂರು ಚುಕ್ಕೆ. ಹೊಲಿಗೆಯ ಗುರುತು.

ಭೂತಗನ್ನಡಿ ಕೆಳಗಿಟ್ಟೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಪುಟ್ಟಿಗಾಗ ಆರು ವರ್ಷ. ನಾನು ಕೆಲಸದ ಚೀಲ ಹೊತ್ತು ನೇರವಾಗಿ ಅಕ್ಕನ ಮನೆಗೆ ಬಂದಿದ್ದೆ. ಗೊಂಬೆಗೆ ಮೀಸೆ ಬರೆಯಬೇಕೆಂದು ಬೆರಳಚ್ಚು ಎತ್ತುವ ನನ್ನ ಕರಿ ಪುಡಿಯ ತಗಡಿನ ಡಬ್ಬಿ ತೆಗೆಯಲು ಹೋಗಿ ಮುಚ್ಚಳದ ಅಂಚಿಗೆ ಬಲ ಹೆಬ್ಬೆರಳು ಕೊಯ್ದುಕೊಂಡಳು. ರಕ್ತ ಸುರಿಯುವ ಕೈಯನ್ನು ನನ್ನ ಅಂಗಿಯಲ್ಲಿ ಸುತ್ತಿ ಡಾಕ್ಟರ ಹತ್ತಿರ ಓಡಿದವನು ನಾನೇ. ಮೂರು ಹೊಲಿಗೆ. "ನಿನ್ನ ಕಳ್ಳರ ಡಬ್ಬೀನ ನನ್ನ ಮನೇಗೆ ತರಬೇಡ ಅಂತ ಎಷ್ಟು ಸಲ ಹೇಳ್ಲಿ," ಎಂದು ಅಕ್ಕ ವಾರವಿಡೀ ಬೈದಿದ್ದಳು. ಗಾಯ ಮಾಗಿದ ಮೇಲೆ ಪುಟ್ಟಿಯನ್ನು ನಗಿಸಲು ಆ ಬೆರಳಿನ ಅಚ್ಚು ತೆಗೆದು, ಈ ಗೆರೆ ಪ್ರಪಂಚದಲ್ಲಿ ಇನ್ನೊಬ್ಬರಿಗಿಲ್ಲ ಎಂದು ಚೌಕಟ್ಟು ಹಾಕಿಸಿ ಕೊಟ್ಟಿದ್ದೆ. ಅದು ಭಾವನ ಮೇಜಿನ ಮೇಲೆ ಇಪ್ಪತ್ತು ವರ್ಷದಿಂದ ಇತ್ತು.

ಹಾಗಾದರೆ ಮಂಜು ಕಣ್ಣಿದ್ದರೂ ಭಾವ ಗುರುತು ಹಿಡಿದಿದ್ದಾರೆ. ಗೋಡೆ ಹಿಡಿದುಕೊಂಡು ನಿಂತಿದ್ದಾರೆ. ತಾಯಿಯ ದನಿಯನ್ನು ಅಳಿಸಿದ್ದು ಮಗಳ ಕೈ ಎಂದು ಮಗಳಿಗೆ ಗೊತ್ತಾಗಬಾರದು ಎಂದುಕೊಂಡಿದ್ದಾರೆ. ಆ ಟೇಪನ್ನು ಹರಿದು ಬಿಸಾಡಲೂ ಮನಸ್ಸು ಬಂದಿಲ್ಲ.

ಅಳು ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಕೂತು ಅತ್ತೆ. ದಾರಿಯಲ್ಲಿ ಹೋಗುತ್ತಿದ್ದ ನರ್ಸ್ ಒಬ್ಬಳು ನೋಡಿ, ಆಸ್ಪತ್ರೆಯಲ್ಲಿ ಅಳುವ ಮುದುಕರು ಹೊಸಬರೇನಲ್ಲ ಎಂಬಂತೆ ಹೋದಳು.

ಜೇಬಿನಲ್ಲಿ ಗಡ್ಡನ ಕಾಗದವಿತ್ತು. ಅದನ್ನು ಕೊಟ್ಟರೆ ಭಾವನ ಹೆಸರು ಉಳಿಯುತ್ತದೆ. ಕೊಟ್ಟ ಕೂಡಲೇ ಮೇಡಂ ಮುಂದಿನ ಪ್ರಶ್ನೆ ಕೇಳುತ್ತಾರೆ. ಡಿಸ್ಕು ತಗಲಿಸಿದವನು ಇವನು, ಸರಿ. ಶುಕ್ರವಾರ ಗುಂಡಿ ಒತ್ತಿದವರು ಯಾರು? ಕೊಡದಿದ್ದರೆ ನಲವತ್ತೊಂದು ಮನೆಯಲ್ಲಿ ಭಾವನ ಹೆಸರಿಗೆ ಶಾಪ. ಅಪ್ಪನೋ, ಮಗಳೋ. ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು ನನ್ನ ಪಾಡು.

"ಮಾವ!"

ಪುಟ್ಟಿ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಕೈಯಲ್ಲಿ ಚಹಾದ ಫ್ಲಾಸ್ಕು. ಎರಡು ವಾರದಲ್ಲಿ ಮುಖ ಅರ್ಧವಾಗಿತ್ತು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ ನೀವು? ಗಡ್ಡಣ್ಣ ಕೆಳಗೆ ಸಿಕ್ಕಿದ್ರು. ಮಾವಂಗೆ ಎಲ್ಲ ಗೊತ್ತಾಗಿದೆ, ಮೇಷ್ಟ್ರ ಹೆಸರು ಉಳೀತು ಅಂದ್ರು." ಅವಳ ಕಣ್ಣಲ್ಲಿ ಮೊದಲ ಸಲ ಒಂದಿಷ್ಟು ಬೆಳಕು. ನನ್ನ ಪಕ್ಕದಲ್ಲಿ ಕೂತಳು. "ನಿಜಾನಾ ಮಾವ? ಸಿಕ್ಕಿದ್ರಾ? ಯಾರು?"

"ಕೂತ್ಕೋ ಪುಟ್ಟಿ. ಚಹಾ ಕೊಡು ಮೊದಲು."

"ಅಯ್ಯೋ, ಅತ್ತಿದ್ದೀರಾ?" ಸೆರಗಿನ ತುದಿಯಿಂದ ನನ್ನ ಕೆನ್ನೆ ಒರೆಸಿದಳು, ಥೇಟ್ ಅಕ್ಕನ ಹಾಗೆ. ಬಲ ಹೆಬ್ಬೆರಳಿನ ಆ ಗೆರೆ ನನ್ನ ಕಣ್ಣ ಮುಂದೆಯೇ ಹಾದುಹೋಯಿತು. ಆಮೇಲೆ ಅವಳ ದೃಷ್ಟಿ ನನ್ನ ತೊಡೆಯ ಮೇಲೆ ಬಿತ್ತು. ಡಬ್ಬಿಯನ್ನು ಮುಚ್ಚಲು ನಾನು ಮರೆತಿದ್ದೆ.

"ಇದು ನಿಮಗೆಲ್ಲಿ ಸಿಕ್ತು? ನಾನು ಅಂಟಿಸಿದ ಟೇಪು ಇದು."

ಮುಚ್ಚಳಕ್ಕೆ ಕೈ ಹಾಕಿದೆ, ಅವಳು ಮುಚ್ಚಲು ಬಿಡಲಿಲ್ಲ.

"ಅವತ್ತು ಒಬ್ರು ಅಜ್ಜ ಬಂದಿದ್ರು ಮಾವ. ಮಾರನೇ ದಿನವೇ ಆಪರೇಷನ್ನು. ಅರ್ಧ ಓದೋ ಹೊತ್ತಿಗೆ ಪರದೆ ನಿಂತೇಹೋಯ್ತು. ಗಡ್ಡಣ್ಣಂಗೆ ಫೋನ್ ಮಾಡ್ದೆ, ತೆಗೀಲಿಲ್ಲ. ಕಣ್ಣಿನ ವಿಭಾಗಕ್ಕೆ ಹೋಗೋ ಮುಂಚೆ ಅಪ್ಪ ಕೋಟು ನನ್ನ ಹತ್ರಾನೇ ಬಿಟ್ಟಿದ್ರಲ್ಲ, ಕಾರ್ಡು ಅದರಲ್ಲೇ ಇತ್ತು. ನಿಂತುಹೋದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡು ಅಂತ ಅಪ್ಪನೇ ಹೇಳ್ತಿದ್ರು. ಹೋಗಿ ಮಾಡ್ದೆ. ಮರೀದೆ ಟೇಪೂ ಅಂಟಿಸ್ದೆ. ಕಾರ್ಡು ನನಗೆ ಸಿಕ್ಕಿದ್ದು ಗೊತ್ತಾದ್ರೆ ಅಪ್ಪಂಗೆ ಬೈತಾರೆ ಅಂತ ಯಾರಿಗೂ ಹೇಳಿರ್ಲಿಲ್ಲ." ಟೇಪಿನ ಮೇಲೆ ಬೆರಳಾಡಿಸಿದಳು. "ಇದನ್ನ ಇಟ್ಕೊಂಡಿದ್ರಾ ಅಪ್ಪ? ಯಾಕೆ ಮಾವ? ನಾನು ಒತ್ತೋಕೆ ಮುಂಚೆನೇ ಎಲ್ಲ ಹೋಗಿತ್ತು, ಅದಕ್ಕೇ ಪರದೆ ನಿಂತಿದ್ದು ಅಂತ ಹೇಳಿದ್ರಲ್ಲ?"

ಗಡಿಯಾರ ಐದು ಹೊಡೆಯಿತು. ಬಾಗಿಲು ತೆರೆಯಿತು. ಮೇಡಂ ಕೈಯಲ್ಲಿ ಪೆನ್ನು ಹಿಡಿದೇ ಹೊರಬಂದರು.

"ಹೊತ್ತಾಯ್ತು ಯಜಮಾನರೇ. ಏನಾದ್ರೂ ಇದ್ರೆ ಈಗ ಹೇಳಿ, ಇಲ್ಲಾಂದ್ರೆ ಸಹಿ ಹಾಕ್ತೀನಿ."

"ಹೇಳಿ ಮಾವ," ಎಂದಳು ಪುಟ್ಟಿ. ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.